ನೇರಲ ಗಿಡದ ಕೆಳಗೆ ಎರಡು ಲ್ಯಾಪ್‌ಟಾಪ್

ಕಂಪ್ಯೂಟರ್ ಅಂಗಡಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಕೇಳುವುದು ಒಂದೇ ಮಾತು. "ಕಾಕಾ, ಹಳೇ ಪ್ರೊಸೆಸರ್ ತಗೊಳ್ಳಲೊ ಹೊಸಾದು ತಗೊಳ್ಳಲೊ ಅಂತ ಗಿರಾಕಿ ಕೇಳಿದ್ರ ಏನ್ ಹೇಳೂಣು?" ನಾನು ಹೇಳುವುದೂ ಒಂದೇ. ಅವರು ಎಲ್ಲಿ ಕೂತು ಕೆಲಸ ಮಾಡುತ್ತಾರೆ, ಅಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ, ದಿನವಿಡೀ ಏನು ಬರೆಯುತ್ತಾರೆ, ಮೊದಲು ಕೇಳಿ. ಪ್ರೊಸೆಸರಿನ ಮಾತು ಆಮೇಲೆ. ಇಷ್ಟು ಹೇಳುವುದರೊಳಗೆ ಎದುರಿಗಿದ್ದವರ ಮುಖ ಸಪ್ಪಗಾಗಿರುತ್ತದೆ. ಅವರಿಗೆ ಬೇಕಾದದ್ದು ಒಂದು ಅಂಕಿ. ಅಂಕಿ ದೊಡ್ಡದಿದ್ದರೆ ಮಾಲು ದೊಡ್ಡದು ಅಂತ ಇಡೀ ಜಗತ್ತು ಒಪ್ಪಿಕೊಂಡು ಕೂತಿರುವಾಗ ನಾನೊಬ್ಬ ಬಾಯಿ ಬಡಿದುಕೊಂಡು ಏನು ಪ್ರಯೋಜನ? ಆದರೂ ಬಡಿದುಕೊಳ್ಳುತ್ತೇನೆ. ಅಭ್ಯಾಸ.

ನಾನು ಹೇಳಹೊರಟಿದ್ದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬೆಳಗಾವಿಯಲ್ಲಿ ಆಗ ಲ್ಯಾಪ್‌ಟಾಪ್ ಅಂದರೆ ವಿಮಾನದಲ್ಲಿ ಓಡಾಡುವವರ ಸಾಮಾನು. ಖಡೇಬಜಾರಿನ ಬಾಜೂ ಗಲ್ಲಿಯಲ್ಲಿದ್ದ ಪಾರೀಸಣ್ಣನ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಮೊದಲು ಟೈಪ್‌ರೈಟರ್ ರಿಪೇರಿ, ಆಮೇಲೆ ಕಂಪ್ಯೂಟರ್, ಕೊನೆಗೆ ಲ್ಯಾಪ್‌ಟಾಪ್. ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ನಮ್ಮಪ್ಪ ಕುರಿ ಸಾಕಿದವನು. ಸಂತೆಯಲ್ಲಿ ಕುರಿಯ ಬಾಯಿ ಅಗಲಿಸಿ ಹಲ್ಲು ನೋಡುವುದು, ಬೆನ್ನಿನ ಮೇಲೆ ಕೈಯಾಡಿಸಿ ಮಾಂಸ ಅಂದಾಜು ಮಾಡುವುದು, ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದು ರೇಟು ಮುರಿಯುವುದು, ಇದನ್ನೆಲ್ಲ ಅವನ ಜೊತೆ ನಿಂತು ಕಲಿತೆ. ಬಳಸಿದ ಲ್ಯಾಪ್‌ಟಾಪ್ ನೋಡುವುದಕ್ಕೂ ಅದೇ ವಿದ್ಯೆ ಸಾಕಾಯಿತು. ಮುಚ್ಚಳದ ಬಿಜಾಗರಿ ಸಡಿಲವಾಗಿದೆಯೋ ಬಿಗಿಯಾಗಿದೆಯೋ, ಗುಂಡಿಗಳು ಸವೆದು ಹೊಳೆಯುತ್ತಿವೆಯೋ, ತಳದ ರಬ್ಬರು ಉಳಿದಿದೆಯೋ. ಯಂತ್ರದ ವಯಸ್ಸು ಮಾಲಕನ ಬಾಯಲ್ಲಿ ಇರುವುದಿಲ್ಲ, ಯಂತ್ರದ ಮೈಮೇಲೆ ಇರುತ್ತದೆ.

ಪಾರೀಸಣ್ಣ ಒಳ್ಳೆಯ ಮನುಷ್ಯ, ಆದರೆ ಅವನ ಕೈಕೆಳಗೆ ದುಡಿದವರಿಗೆ ಗೊತ್ತು ನನ್ನ ಕಷ್ಟ. ಅವರ ಮನೆತನದ್ದು ತಲೆತಲಾಂತರದಿಂದ ಭಾಂಡೆ, ಅಂದರೆ ಪಾತ್ರೆಗಳ ವ್ಯಾಪಾರ. ಹೊಸ ಲ್ಯಾಪ್‌ಟಾಪ್ ಬಂದರೆ ಮುಚ್ಚಳದ ಮೇಲೆ ಬೆರಳಿನಿಂದ ಠಣ್ ಅಂತ ಬಡಿದು ಸಪ್ಪಳ ಕೇಳುತ್ತಿದ್ದ. ಆಗ ಮಾರುಕಟ್ಟೆಯಲ್ಲಿ ಎರಡು ಪೀಳಿಗೆ ಒಟ್ಟಿಗೇ ಇದ್ದವು. ಹಳೆಯದು ಪೆಂಟಿಯಂ ಟೂ, ಹೊಸದು ಪೆಂಟಿಯಂ ತ್ರೀ. ಎರಡರ ವ್ಯತ್ಯಾಸ ಏನೆಂದು ಒಂದು ದಿನ ನಾನು ಅವನಿಗೆ ತಿಳಿಸಲು ಕೂತೆ.

"ಪ್ರೊಸೆಸರ್ ಅಂದ್ರ ಯಂತ್ರದ ತಲಿ ಅಣ್ಣಾ. ಲೆಕ್ಕ ಮಾಡೂದೆಲ್ಲಾ ಅದ."

"ಅಂದ್ರ ಟೂ ಅಂದ್ರ ಹಿತ್ತಾಳಿ, ತ್ರೀ ಅಂದ್ರ ತಾಮ್ರ. ಹೌದಿಲ್ಲೊ?"

"ಹಂಗಲ್ಲ ಅಣ್ಣಾ..."

"ಮತ್ತ ಹೆಂಗ? ನನಗ ತಿಳೀಲಿಲ್ಲಂದ್ರ ಗಿರಾಕಿಗೇನು ತಿಳೀತೈತಿ ಮಣ್ಣು?"

ಮರುದಿನದಿಂದ ಬಂದವರಿಗೆಲ್ಲ ಹಿತ್ತಾಳಿ ತಾಮ್ರದ ಪಾಠ ಶುರುವಾಯಿತು. ನನ್ನ ಹೊಟ್ಟೆ ಉರಿದದ್ದು ಅದಕ್ಕಲ್ಲ. ಗಿರಾಕಿಗಳು ಅದನ್ನು ಕೇಳಿ ತಲೆಯಾಡಿಸಿ ಕೊಂಡುಕೊಂಡು ಹೋಗುತ್ತಿದ್ದರಲ್ಲ, ಅದಕ್ಕೆ.

ಸದಾಶಿವನಗರದ ಒಬ್ಬ ಗುತ್ತಿಗೆದಾರರು ಹಾಗೆ ಬಂದವರೇ. ಕುರ್ಚಿಯಲ್ಲಿ ಕೂಡುವ ಮೊದಲೇ, "ಎಲ್ಲಾಕಿಂತ ಹೊಸಾದು ಯಾವದೈತಿ ಅದನ್ನ ತೋರಸ್ರಿ" ಅಂದರು.

"ಏನ್ ಕೆಲಸಾ ಮಾಡಾಂವ್ರು ಸಾಹೇಬ್ರ ಇದರಾಗ?"

"ಕೆಲಸಾ? ಕೆಲಸಾ ಮಾಡಾಕ ನನ್ನ ಕಡೆ ಮಂದಿ ಅದಾರ."

ಪಾರೀಸಣ್ಣ ಆಗಲೇ ಡಬ್ಬಿ ಕಟ್ಟುತ್ತಿದ್ದ. ಸ್ವಲ್ಪ ದಿನಕ್ಕೆ ಸಾಹೇಬರು ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಿಟ್ಟಿನಿಂದ ವಾಪಸ್ ಬಂದರು. "ಏನ್ರಿ ಇದು, ಮುಟ್ಟಾಕ ಆಗವಲ್ದು! ಒಳಗ ಒಲಿ ಹಚ್ಚೀರೇನು?"

"ಎಲ್ಲಿ ಇಡ್ತೀರಿ ಇದನ್ನ?"

"ಗಾದಿ ಮ್ಯಾಲ. ಮಖಮಲ್ ಗಾದಿ."

"ಸಾಹೇಬ್ರ, ಗಾಳಿ ಹೋಗೂ ತೂತು ತಳದಾಗ ಅದಾವ. ಗಾದಿ ಮ್ಯಾಲ ಇಟ್ರ ಮೂಗು ಬಾಯಿ ಮುಚ್ಚಿದಂಗ."

"ಮತ್ತ ಇಷ್ಟು ರೊಕ್ಕಾ ಸುರದು ತಂದದ್ದನ್ನ ಕಟ್ಟಿಗಿ ಮ್ಯಾಲ ಇಡಲೇನು?"

ಹೌದು, ಕಟ್ಟಿಗೆಯ ಮೇಲೆಯೇ ಇಡಬೇಕು. ಹೊಸ ಪ್ರೊಸೆಸರ್ ಜೋರಾಗಿ ಓಡುತ್ತದೆ, ಓಡುವುದು ಬೆವರುತ್ತದೆ, ಕರೆಂಟೂ ಹೆಚ್ಚು ತಿನ್ನುತ್ತದೆ. ಇದನ್ನು ನಾನು ಹೇಳಿದ್ದು ಅಂದಾಜು ಅರ್ಧ ಬೆಳಗಾವಿಗೆ, ಕೇಳಿಸಿಕೊಂಡವರು ಬೆರಳೆಣಿಕೆ. ಅಂದಹಾಗೆ, ಸಾಹೇಬರು ಅಷ್ಟು ಜೋರಿನ ಯಂತ್ರದಲ್ಲಿ ಆಡುತ್ತಿದ್ದದ್ದು ಇಸ್ಪೀಟು.

ಮುಂಬಯಿಯಿಂದ ಬರುತ್ತಿದ್ದ ಬಳಸಿದ ಮಾಲಿನದು ಇನ್ನೊಂದು ತಲೆಬೇನೆ. ಅಂಗೈ ಇಡುವ ಜಾಗದಲ್ಲಿ ಪ್ರೊಸೆಸರಿನ ಚೀಟಿ ಅಂಟಿಸಿರುತ್ತಾರಲ್ಲ, ಗಿರಾಕಿ ನೋಡುವುದು ಅದನ್ನೇ ಎಂದು ತಿಳಿದ ದಲ್ಲಾಳಿಗಳು ಹಳೆ ಯಂತ್ರಕ್ಕೆ ಹೊಸ ಚೀಟಿ ಮೆತ್ತಿ ಕಳಿಸುತ್ತಿದ್ದರು. ಒಬ್ಬ ದಲ್ಲಾಳಿ ನನ್ನ ಮುಂದೆ ಕೂತು, "ಎಕದಮ್ ತ್ರೀ ಆಹೆ, ಭಾವೂ" ಅಂತ ದೇವರ ಆಣೆ ಹಾಕಿದ. ನಾನು ಸ್ವಿಚ್ಚು ಒತ್ತಿದೆ. ಯಂತ್ರ ಚಾಲೂ ಆದ ಕೂಡಲೇ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಿಂಚಿ ಹೋಗುತ್ತವೆ. ಯಂತ್ರ ತನ್ನ ಹೆಸರು ತಾನೇ ಹೇಳುವ ಹೊತ್ತು ಅದು. ಅದನ್ನು ಓದುವಷ್ಟು ತಾಳ್ಮೆ ಇಟ್ಟುಕೊಳ್ಳಿ. ಟೂ ಎಂದು ಬಂತು. ಆಮೇಲೆ ಟವೆಲ್ ಇಲ್ಲದೆಯೇ ಆ ದಲ್ಲಾಳಿಯ ರೇಟು ಮುರಿದೆ. ಅವನು ಹೋಗುವಾಗ, "ನೀವು ಕುರಿ ಮಾರೂದು ಬಿಟ್ಟು ಇಲ್ಲಿಗೆ ಯಾಕ ಬಂದ್ರಿ" ಅಂತ ಮರಾಠಿಯಲ್ಲಿ ಬೈದ. ಅದನ್ನು ನಾನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಇವೆಲ್ಲ ನಕ್ಕು ಬಿಡುವ ಮಾತು. ಆದರೆ ನಮ್ಮ ಕಸುಬಿನಲ್ಲಿ ತಪ್ಪು ಯಂತ್ರ ಕೊಟ್ಟರೆ ಒಬ್ಬರ ಅನ್ನವೇ ಹೋಗಬಹುದು ಎಂದು ನನಗೆ ಗೊತ್ತಾದದ್ದು ಖಾನಾಪುರದ ಸುನಂದಾಬಾಯಿಯಿಂದ.

ಸುನಂದಾಬಾಯಿ ಖಾನಾಪುರದ ಕೋರ್ಟಿನ ಕಂಪೌಂಡಿನಲ್ಲಿ ಕನ್ನಡ ಟೈಪ್ ಮಾಡುತ್ತಿದ್ದ ಹೆಣ್ಣುಮಗಳು. ದೊಡ್ಡ ನೇರಲ ಗಿಡದ ಕೆಳಗೆ ಟೈಪಿಸ್ಟರ ಟೇಬಲ್ಲುಗಳು ಸಾಲಾಗಿ ಇರುತ್ತಿದ್ದವು, ಅದರಲ್ಲಿ ಒಂದು ಅವಳದು. ಅವಳ ಟೈಪ್‌ರೈಟರಿಗೆ ಎಷ್ಟೋ ಸಲ ನಾನೇ ಎಣ್ಣೆ ಬಿಟ್ಟಿದ್ದೆ. ಅಲ್ಲಿಯ ಕೆಲಸದ ರೀತಿಯೇ ಬೇರೆ. ವಕೀಲರು ಕರಡು ಬರೆದು ಕೊಡುವುದಿಲ್ಲ. ಟೇಬಲ್ಲಿನ ಎದುರು ನಿಂತು, ಕಕ್ಷಿಗಾರರು ಕೂಡುವ ಮರದ ಬಾಕಿನ ಮೇಲೆ ಒಂದು ಕಾಲಿಟ್ಟು ಬಾಯಿಂದ ಹೇಳುತ್ತಾ ಹೋಗುತ್ತಾರೆ. ಅವರ ಬಾಯಿ ನಿಲ್ಲುವವರೆಗೆ ಟೈಪಿಸ್ಟಳ ಕೈ ನಿಲ್ಲಬಾರದು. ಹಿಡಿದ ಕಾಗದ ಅರ್ಧಕ್ಕೆ ಬಿಟ್ಟರೆ ಆ ವಕೀಲರು ಮತ್ತೆ ಆ ಟೇಬಲ್ಲಿಗೆ ಬರುವುದಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ ಅದು, ಆದರೆ ಅಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದು.

ದಸರೆ ಮುಗಿದ ಮೇಲೆ ಒಂದು ದಿನ ಅವಳು ತನ್ನ ಅಕ್ಕನ ಮಗ ರಾಜೇಂದ್ರನನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದಳು. ರಾಜೇಂದ್ರ ಮಹಾಂತೇಶ ನಗರದಲ್ಲಿ ಮನೆ ಮಾಡಿಕೊಂಡಿದ್ದ ಕಾಲೇಜು ಮೇಷ್ಟ್ರು, ಕಂಪ್ಯೂಟರ್ ಕಲಿಸುತ್ತಿದ್ದವನು. ಕೋರ್ಟಿನ ಎದುರಿಗೆ ಕಂಪ್ಯೂಟರ್ ಟೈಪಿಂಗ್ ಅಂಗಡಿಯೊಂದು ತೆರೆದಿತ್ತು. ಅವಳಿಗೆ ಕೆಲಸ ಕೊಡುತ್ತಿದ್ದವರು ಮುಖ್ಯವಾಗಿ ದೇಸಾಯಿ ವಕೀಲರು ಒಬ್ಬರೇ. ಅವರು ಅವಳಿಗೆ ಸ್ಪಷ್ಟವಾಗಿ ಹೇಳಿದ್ದರು. ಪದೇ ಪದೇ ತಿದ್ದುವ ಕಾಗದವನ್ನು ಪ್ರತಿಸಲ ಮೊದಲಿನಿಂದ ಟೈಪ್ ಮಾಡಿಸುವಷ್ಟು ಪುರುಸೊತ್ತು ತಮಗಿಲ್ಲ, ದೀಪಾವಳಿಯ ನಂತರ ಕಂಪ್ಯೂಟರ್ ಇದ್ದರೆ ಇವಳ ಟೇಬಲ್ಲು, ಇಲ್ಲದಿದ್ದರೆ ಎದುರಿನ ಅಂಗಡಿ ಎಂದು.

"ಗಿಡದ ಬುಡಕ ಕರೆಂಟಿಲ್ರಿ. ಅದಕ್ಕ ಬ್ಯಾಟರಿದು ಬೇಕು" ಅಂದಳು ಸುನಂದಾಬಾಯಿ. "ಎದರಿನ ಅಂಗಡ್ಯಾಗರ ಕರೆಂಟು ಎಲ್ಲಿ ನಿಂದರತೈತಿ? ಹೋತಂದ್ರ ಅವ್ರು ಸುಮ್ಮ ಕುಂದರತಾರ, ನಾ ನಡಸ್ತೀನಿ. ಗೇಟಿನ್ಯಾಗ ಝೆರಾಕ್ಸಿನಾಂವನ ಕಡೆ ಪ್ರಿಂಟರೂ ಐತಿ, ಜನರೇಟರೂ ಐತಿ. ಪ್ಲಾಪಿ ಒಯ್ದು ಕೊಟ್ರ ತಗದು ಕೊಡ್ತಾನ."

ಇಷ್ಟು ಸರಿಯಾಗಿ ವಿಚಾರ ಮಾಡಿಕೊಂಡು ಬಂದ ಗಿರಾಕಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೆ ಜೊತೆಗೆ ರಾಜೇಂದ್ರ ಇದ್ದನಲ್ಲ.

"ತ್ರೀನ ತಗೋ ಮಾವಶಿ" ಅಂದ ಅವನು. "ಇನ್ನೆರಡು ವರ್ಷಕ್ಕ ಟೂ ಯಾರೂ ಮೂಸಿ ನೋಡಂಗಿಲ್ಲ."

"ಸರ್, ಆಕೀಗೆ ಗಣಿತಾ ಮಾಡೂದಿಲ್ಲ, ಅರ್ಜಿ ಬಡಿಯೂದೈತಿ" ಅಂದೆ. "ಅದ ರೊಕ್ಕದಾಗ ಚಲೋ ಟೂ ಒಂದು, ಮ್ಯಾಲೊಂದು ಜಾಸ್ತಿ ಬ್ಯಾಟರಿ ಕೊಡ್ತೀನಿ. ಸಂಜೀತನಕಾ ನಡೀತೈತಿ."

"ನಿಮ್ಮ ಹಳೇ ಮಾಲು ಖಾಲಿ ಆಗಬೇಕಲ್ಲ, ಅದಕ್ಕ."

"ನಿಮ್ಮ ಪುಸ್ತಕದಾಗ ಬ್ಯಾಟರಿ ಬಗ್ಗೆ ಪಾಠ ಇಲ್ಲೇನ್ರಿ?"

ಇಬ್ಬರ ದನಿಯೂ ಏರಿತು. ಸುನಂದಾಬಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ನಿಮ್ಮಿಬ್ಬರದೂ ಮುಗೀತೇನು?" ಅಂದಳು. "ಕೇಳ್ರಿ. ನನಗ ಒಂದ ಯಂತ್ರ ತಗೊಳ್ಳೂ ತಾಕತ್ತೈತಿ. ತಪ್ಪಿ ಬ್ಯಾರೇದು ತಗೊಂಡೆ ಅಂದ್ರ ಬದಲಿ ತಗೊಳ್ಳಾಕ ಆಗೂದಿಲ್ಲ. ಯಂತ್ರ ಕೆಟ್ರ ನಿಮ್ಮಿಬ್ಬರಿಗೂ ಏನೂ ಆಗೂದಿಲ್ಲ, ನನ್ನ ಟೇಬಲ್ ಹೋಗತೈತಿ."

ಕುರಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡದೆ ಯಾರೂ ಕೊಳ್ಳುವುದಿಲ್ಲ. ಎರಡೂ ಯಂತ್ರ ಖಾನಾಪುರಕ್ಕೆ ಒಯ್ದು ಆ ಗಿಡದ ಕೆಳಗೇ ಓಡಿಸಿ ನೋಡೋಣ ಎಂದೆ. ಪಾರೀಸಣ್ಣ ಹೌಹಾರಿದ. "ಹಂಡೇ ಕೊಳ್ಳಾಂವ ಮನಿಗೆ ಒಯ್ದು ನೀರ ಕಾಸಿ ನೋಡತೀನಿ ಅಂದ್ರ ಕೊಡ್ತಾರೇನೋ ಮಳ್ಳ? ಹೊಸಾದಕ್ಕ ಒಂದ ಗೆರಿ ಬಿದ್ರ ನಿನ್ನ ಪಗಾರ ನೆನಪಿರಲಿ!"

ಮುಂದಿನ ಕೋರ್ಟಿನ ದಿನ ಎರಡೂ ಯಂತ್ರಕ್ಕೆ ಬ್ಯಾಟರಿ ತುಂಬಿಸಿಕೊಂಡು, ಖಾನಾಪುರದ ಬಸ್ಸು ಹತ್ತಿ ತೊಡೆಗೊಂದರಂತೆ ಇಟ್ಟುಕೊಂಡು ಕೂತೆ. ರಾಜೇಂದ್ರನೂ ಬಂದ. ತನ್ನ ತ್ರೀ ಗೆಲ್ಲುವುದನ್ನು ನೋಡುವುದಿತ್ತಲ್ಲ. ಸುನಂದಾಬಾಯಿ ಪರದೆಗೆ ಬಿಸಿಲು ಬೀಳದಂತೆ ಟೇಬಲ್ಲಿಗೆ ಕರಿ ಛತ್ರಿ ಕಟ್ಟಿ, ಟೈಪ್‌ರೈಟರನ್ನು ಬಾಜೂ ಸರಿಸಿ ಜಾಗ ಮಾಡಿದ್ದಳು. ದೇಸಾಯಿ ವಕೀಲರು ಬಂದು ಬಾಕಿನ ಮೇಲೆ ಕಾಲಿಟ್ಟರು. ಗುಂಡಿಗಳು ಟೈಪ್‌ರೈಟರಿನ ಸಾಲಿನಂತೆಯೇ ಕನ್ನಡ ಬಡಿಯುವ ಹಾಗೆ ಎರಡರಲ್ಲೂ ಹೊಂದಿಸಿಕೊಂಡು ಬಂದಿದ್ದೆ. ಮೊದಲು ಹೊಸದನ್ನೇ ತೆರೆದೆ.

ಸುಳ್ಳು ಹೇಳಬಾರದು, ಹೊಸದು ಹರಿದು ಹೋಯಿತು. ವಕೀಲರ ಬಾಯಿಂದ ಮಾತು ಬೀಳುವುದರೊಳಗೆ ಅಕ್ಷರ ಪರದೆಯ ಮೇಲೆ. ಒಂದು ಅರ್ಜಿ ಮುಗಿಯಿತು, ಇನ್ನೊಂದು ಮುಗಿಯಿತು. ರಾಜೇಂದ್ರ ನನ್ನ ಕಡೆ ನೋಡಿ ನಕ್ಕ. ಮೂರನೆಯದು ಹೊಲದ ವ್ಯಾಜ್ಯ. ಊಟದ ಬಿಡುವಿಗೆ ಮೊದಲು ಕೋರ್ಟಿಗೆ ಹೋಗಲೇಬೇಕಾದ ಕಾಗದ. ಹೊಲದ ನಾಲ್ಕು ದಿಕ್ಕಿನ ಗಡಿ ಹೇಳಲು ವಕೀಲರು ಶುರು ಮಾಡಿದರು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿ ದಾರಿ, ಉತ್ತರಕ್ಕೆ... ಅನ್ನುವಷ್ಟರಲ್ಲಿ ಪರದೆ ಮಂಕಾಯಿತು, ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು.

"ಬಾಯಿ, ಉತ್ತರ ದಿಕ್ಕು ಎಲ್ಲಿ ಹೋತು?" ಅಂದರು ವಕೀಲರು.

ಈಗ ನಗುವ ಸರದಿ ನನ್ನದು. ಹಳೆಯದನ್ನು ಎದೆಯುಬ್ಬಿಸಿ ತೆರೆದೆ. ವಕೀಲರು ಗೊಣಗುತ್ತಾ ಮತ್ತೆ ಮೊದಲಿನಿಂದ ಹೇಳತೊಡಗಿದರು. ನಾಲ್ಕು ಸಾಲು ಚೆನ್ನಾಗಿ ನಡೆಯಿತು. ಆಮೇಲೆ ಅಕ್ಷರ ಹಿಂದೆ ಬೀಳತೊಡಗಿದವು. ಸುನಂದಾಬಾಯಿಯ ಬೆರಳು ಸಾಲು ಮುಗಿಸಿ ಮುಂದೆ ಹೋಗಿವೆ, ಪರದೆಯ ಮೇಲೆ ಹಿಂದಿನ ಸಾಲಿನ ಒತ್ತಕ್ಷರ ಒಂದೊಂದಾಗಿ ಒಡಮೂಡುತ್ತಿವೆ. ಟೈಪ್‌ರೈಟರ್ ಬಡಿದ ಕೈ ಅದು, ನಿಲ್ಲುವ ರೂಢಿ ಅದಕ್ಕಿಲ್ಲ. ವಕೀಲರು ಬಗ್ಗಿ ಪರದೆ ನೋಡಿದರು.

"ನಾ ಪಶ್ಚಿಮಕ್ಕ ಬಂದು ನಿಂತೀನಿ, ನಿಮ್ಮ ಯಂತ್ರ ಇನ್ನೂ ಪೂರ್ವದಾಗ ಅಡ್ಡಾಡಾಕತ್ತೈತಿ" ಅಂದರು. ಹಿಂದೆ ನಿಂತಿದ್ದ ಅವರ ಕಕ್ಷಿಗಾರ ಏನೋ ಹೇಳಲು ಬಾಯಿ ತೆರೆದ. "ಗಪ್ ಬಸ್!" ಎಂದು ಮರಾಠಿಯಲ್ಲಿ ಅವನ ಮೇಲೆ ಹರಿಹಾಯ್ದು, ಇವಳ ಕಡೆ ತಿರುಗಿದರು. "ಬಾಯಿ, ಇದು ನಡಿಯಂಗಿಲ್ಲ. ನಾ ಎದರಿಗಿ ಹೋಗತೀನಿ."

ಸುನಂದಾಬಾಯಿ ಕೈ ಚಾಚಿ ಟೈಪ್‌ರೈಟರಿನ ಮುಸುಕು ತೆಗೆದಳು. "ನಿಂದರ್ರಿ ಸಾಹೇಬ್ರ, ಇದರಾಗ ಬಡದು ಕೊಡ್ತೀನಿ."

"ಅಳತಿ ಇನ್ನೂ ಬದಲಾಗೂದೈತಿ. ಎಷ್ಟು ಸಲ ಬಡೀತೀರಿ?" ವಕೀಲರು ಗಡಿಯಾರ ನೋಡಿಕೊಂಡರು. ಅವರು ನಿರ್ದಯಿಯಲ್ಲ. "ಆತು, ನಾ ಒಂದು ಚಾ ಕುಡದು ಬರತೀನಿ. ಅಷ್ಟರಾಗ ನಿಮ್ಮದು ಏನರ ದಾರಿಗೆ ಬಂದ್ರ ಬಂತು. ಇಲ್ಲಾಂದ್ರ ಬ್ಯಾಸರಾ ಮಾಡ್ಕೋಬ್ಯಾಡ್ರಿ."

ಆಕೆ ನಮ್ಮಿಬ್ಬರನ್ನೂ ನೋಡಿದ ರೀತಿ ನನಗೆ ಈಗಲೂ ಬೇಡ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ರಾಜೇಂದ್ರ ಟೇಬಲ್ಲಿನ ಮೇಲೆ ಬಗ್ಗಿ ಹಳೆ ಯಂತ್ರವನ್ನು ನೋಡುತ್ತಿದ್ದ. "ಅಲ್ರಿ, ಈ ಡಿಸ್ಕಿನ ದೀಪ ನೋಡ್ರಿ. ಆರವಲ್ದು. ಪ್ರೊಸೆಸರ್ ಸೋತಿಲ್ಲ. ಮೆಮರಿ ಸಾಲವಲ್ದು, ಅದಕ್ಕ ಹೊತ್ತೊತ್ತಿಗೂ ಡಿಸ್ಕಿಗೆ ಓಡಿ ಓಡಿ ಬರಾಕತ್ತೈತಿ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಟೂ, ತ್ರೀ ಎಂದು ಅಂಗಡಿಯಲ್ಲಿ ಕುಸ್ತಿ ಆಡಿದ ನಾವಿಬ್ಬರೂ ಮೆಮರಿಯ ಮಾತು ಎತ್ತಿರಲಿಲ್ಲ. ಅಡುಗೆಯವಳು ಚುರುಕಿದ್ದರೆ ಸಾಲದು, ಕೈಗೆ ಸಿಗುವಂತೆ ಸಾಮಾನು ಹರಡಿಕೊಳ್ಳಲು ಕಟ್ಟೆ ಅಗಲ ಬೇಕು. ಕಟ್ಟೆ ಸಣ್ಣದಾದರೆ ಅವಳು ಪ್ರತಿ ಡಬ್ಬಿಗೂ ಒಳಮನೆಗೆ ಓಡಬೇಕು. ಹಳೆ ಯಂತ್ರದ ಸ್ಥಿತಿ ಅದಾಗಿತ್ತು. ಆದರೆ ಲ್ಯಾಪ್‌ಟಾಪಿಗೆ ಹಾಕುವ ಮೆಮರಿ ಬೆಳಗಾವಿಯಲ್ಲೇ ಸಿಗುತ್ತಿರಲಿಲ್ಲ, ಪುಣೆಯಿಂದ ತರಿಸಬೇಕಿತ್ತು. ಇನ್ನು ಖಾನಾಪುರದಲ್ಲಿ, ಚಹಾ ಕುಡಿಯುವಷ್ಟು ಹೊತ್ತಿನಲ್ಲಿ?

ನಾನೂ ರಾಜೇಂದ್ರನೂ ಒಟ್ಟಿಗೇ ಹೊಸ ಯಂತ್ರದ ಕಡೆ ನೋಡಿದೆವು. ಅದರ ಹೊಟ್ಟೆಯಲ್ಲಿ ಮೆಮರಿ ಇತ್ತು, ಬೇಕಾದಷ್ಟು.

"ಕೂಡತದೇನ್ರಿ ಅದರದ್ದು ಇದಕ್ಕ?" ಅಂದ ಅವನು.

"ಖಾತ್ರಿ ಇಲ್ಲ."

"ಹಾಳಾದ್ರ?"

ಹಾಳಾದರೆ ಪಾರೀಸಣ್ಣ ನನ್ನನ್ನು ಖಡೇಬಜಾರಿನಲ್ಲಿ ಮೆರವಣಿಗೆ ಮಾಡಿಸುತ್ತಿದ್ದ. ಸುನಂದಾಬಾಯಿ ಆಗಲೇ ಟೈಪ್‌ರೈಟರಿನ ಡಬ್ಬಿಯಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಮುಂದೆ ಹಿಡಿದಿದ್ದಳು. ನಾನು ಎರಡೂ ಯಂತ್ರದ ಬ್ಯಾಟರಿ ಕಳಚಿ ಬೋರಲು ಹಾಕಿ, ಟೈಪ್‌ರೈಟರಿನ ಕಬ್ಬಿಣ ಮುಟ್ಟಿ ಮೈಯ ಮಿಂಚು ಇಳಿಸಿಕೊಂಡೆ. ನೀವೂ ಮರೆಯಬೇಡಿ, ಒಣ ಹವೆಯಲ್ಲಿ ಬರಿಗೈಯಿಂದ ಮುಟ್ಟಿ ಮೆಮರಿ ಕೊಂದವರನ್ನು ಕಂಡಿದ್ದೇನೆ. ಎರಡರ ತಳದ ಸಣ್ಣ ಬಾಗಿಲೂ ಬಿಚ್ಚಿ, ಹೊಸದರ ಮೆಮರಿ ಚಿಪ್ಪಿನ ಪಟ್ಟಿ ಹೊರಗೆಳೆದು, ಹಳೆಯದರ ಖಾಲಿ ಮನೆಯ ಎದುರು ಹಿಡಿದೆ. ಕಚ್ಚು ಕಚ್ಚಿಗೆ ಸರಿಹೊಂದಿತು. ಒತ್ತಿದೆ. ಕಟ್ ಅಂತ ಕೂತಿತು. ಬ್ಯಾಟರಿ ಮತ್ತೆ ಸಿಕ್ಕಿಸಿ ಸ್ವಿಚ್ಚು ಹಾಕಿದಾಗ ಕಪ್ಪು ಪರದೆಯ ಮೇಲೆ ಮೆಮರಿಯ ಎಣಿಕೆ ಏರುತ್ತಾ ಹೋಯಿತು, ಮೊದಲಿನ ಜಾಗದಲ್ಲಿ ನಿಲ್ಲದೆ ಇನ್ನೂ ಮೇಲೆ ಹೋಯಿತು. ರಾಜೇಂದ್ರ ನನ್ನ ಬೆನ್ನಿಗೆ ಒಂದು ಗುದ್ದಿದ.

ವಕೀಲರು ಬಾಯಿ ಒರೆಸಿಕೊಳ್ಳುತ್ತಾ ಬಂದರು. ನಂಬಿಕೆಯಿಲ್ಲದೆ ಬಾಕಿನ ಮೇಲೆ ಕಾಲಿಟ್ಟರು. ಪೂರ್ವ ಹೇಳಿದರು, ಪಶ್ಚಿಮ ಹೇಳಿದರು. ಅಕ್ಷರ ಸುನಂದಾಬಾಯಿಯ ಬೆರಳಿನ ಕೆಳಗೇ ಇದ್ದವು. ಉತ್ತರ ಬಂತು, ದಕ್ಷಿಣವೂ ಬಂತು. ನಡುವೆ ಕಕ್ಷಿಗಾರ ಅಳತೆ ಬದಲಿಸಿದ, ವಕೀಲರು ಅವನನ್ನು ಬೈದರು, ಅವಳು ಮೇಲೆ ಹೋಗಿ ಒಂದು ಅಂಕಿ ತಿದ್ದಿ ಕೆಳಗೆ ಬಂದಳು. ಅರ್ಜಿ ತುಂಬಿಕೊಂಡ ಫ್ಲಾಪಿ ಡಿಸ್ಕು ಝೆರಾಕ್ಸ್ ಅಂಗಡಿಗೆ ಹೋಯಿತು.

ಕಾಗದ ಬರುವವರೆಗಿನ ಬಿಡುವಿನಲ್ಲಿ ನಾನು ಕಸುಬಿನ ಮಾತಿಗೆ ಬಂದೆ. "ಬಾಯಿ, ಆ ಮೆಮರಿ ಹೊಸಾದರದ್ದು. ನಾ ವಾಪಸ್ ಹಾಕ್ಕೊಂಡು ಹೋಗಬೇಕು. ಪುಣೇದಿಂದ ಬ್ಯಾರೇ ತರಿಸಿ ಕೊಡ್ತೀನಿ, ಅದರ ರೇಟು ಬ್ಯಾರೆ ಆಗತೈತಿ."

"ಬ್ಯಾರೇ ಯಾಕಾಗತೈತ್ರಿ?" ಅಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಅದಿಲ್ಲದ ಇದು ನಡಿಯಂಗಿಲ್ಲ ಅಂತ ವಕೀಲ್ರ ಮುಂದನ ನೀವ ತೋರಿಸೀರಿ. ನಡಿಯೂ ಯಂತ್ರದ ಮಾತಾಗಿತ್ತಲ್ಲ ನಮ್ಮದು?"

ದೇಸಾಯಿ ವಕೀಲರು ಮೀಸೆಯಲ್ಲಿ ನಕ್ಕು, "ಸಾಕ್ಷಿ ನಾ ಅದೀನಿ ನೋಡ್ರಿ" ಅಂದರು. ಸಂತೆಗಳಲ್ಲಿ, ಅಂಗಡಿಯಲ್ಲಿ, ಮುಂಬಯಿಯವರ ಎದುರು ನಾನು ರೇಟು ಮುರಿದವನು. ಅಲ್ಲಿ ನನ್ನದೇ ರೇಟು ಮುರಿಯಿತು. ಹೊಟ್ಟೆ ಖಾಲಿಯಾದ ಹೊಸ ಯಂತ್ರವನ್ನು ಬಟ್ಟೆ ಚೀಲದಲ್ಲಿ ತುಂಬಿಕೊಂಡೆ. ಪಾರೀಸಣ್ಣನಿಗೆ ಏನು ಹೇಳುವುದು ಎಂದು ಯೋಚಿಸುತ್ತಾ, ಆ ಸಿಟ್ಟನ್ನು ರಾಜೇಂದ್ರನ ಮೇಲೆ ತೀರಿಸಿದೆ. "ಏನ ಅನ್ರಿ ಸರ್, ಕಡೀಕ ಟೂನ ನಡೀತು."

"ತ್ರೀದು ಮೆಮರಿ ಹಾಕಿದ ಮ್ಯಾಲ ನಡೀತು" ಅಂದ ಅವನು.

"ಬ್ಯಾಟರಿ ನಿಮ್ಮಪ್ಪಂದೇನು?"

"ನಿಮ್ಮ ಟೂ ಪೂರ್ವದಾಗ ಅಡ್ಡಾಡಾಕತ್ತಿದ್ದು ಮರತ್ರೇನು?"

ನಾವು ಹೀಗೆ ಟೇಬಲ್ಲಿನ ಎದುರಿಗೇ ನಿಂತು ಜಗಳಕ್ಕೆ ಹತ್ತಿಕೊಂಡಿದ್ದೆವು. ದೇಸಾಯಿ ವಕೀಲರು ಬಗಲಿನಿಂದ ಇನ್ನೊಂದು ಫೈಲು ತೆಗೆದು ಬಿಚ್ಚಿದರು. ಅವರ ಹಿಂದೆ ಇನ್ನೊಬ್ಬ ವಕೀಲರು ತಮ್ಮ ಕಕ್ಷಿಗಾರನನ್ನು ಕರೆದುಕೊಂಡು ಬಂದು ನಿಂತಿದ್ದರು, ಎದುರಿನ ಅಂಗಡಿಗೆ ಹೋಗಬೇಕಾದವರು. ಸುನಂದಾಬಾಯಿ ಹೊಸ ಪುಟ ತೆರೆದು, ಎರಡೂ ಕೈ ಗುಂಡಿಗಳ ಮೇಲಿಟ್ಟುಕೊಂಡು ನಮ್ಮ ಕಡೆ ಒಮ್ಮೆ ಕತ್ತೆತ್ತಿದಳು.

"ಇಬ್ಬರೂ ಬಾಜೂಕ ಸರೀರಿ. ವಕೀಲ್ರು ನಿಂದರೂ ಜಾಗಾ ಅದು."